ಎಣಿಸಿದರು, ಮನ್ನಿಸಲಿಲ್ಲ

1970ರ ಡಿಸೆಂಬರಿನಲ್ಲಿ ಪೂರ್ವ ಪಾಕಿಸ್ತಾನದ ಜನ ಮತ ಹಾಕಿದರು. ರಾಷ್ಟ್ರೀಯ ಸಭೆಯಲ್ಲಿ ಅವರ ಪಾಲಿಗಿದ್ದ 162 ಸಾಮಾನ್ಯ ಸ್ಥಾನಗಳಲ್ಲಿ 160 ಅವಾಮಿ ಲೀಗಿಗೆ ಬಂದವು. ಮಹಿಳಾ ಮೀಸಲು ಸ್ಥಾನಗಳೂ ಸೇರಿ 167. ಇಡೀ ಸಭೆಯ ಬಲ 313, ಅಂದರೆ ಸ್ಪಷ್ಟ ಬಹುಮತ. ಎಣಿಕೆ ಸರಿಯಾಗಿಯೇ ಆಗಿತ್ತು. ಎಣಿಸಿದ್ದನ್ನು ಮನ್ನಿಸುವ ಮನಸ್ಸು ಮಾತ್ರ ಆಳುವವರಿಗೆ ಇರಲಿಲ್ಲ. 1971ರ ಮಾರ್ಚ್ 3ಕ್ಕೆ ಢಾಕಾದಲ್ಲಿ ಸೇರಬೇಕಿದ್ದ ಸಭೆಯನ್ನು ಅಧ್ಯಕ್ಷ ಯಾಹ್ಯಾ ಖಾನ್ ಮುಂದೂಡಿದರು. 25ರ ರಾತ್ರಿ ಸೈನ್ಯ ಢಾಕಾದ ಬೀದಿಗಿಳಿಯಿತು. ವರ್ಷ ಮುಗಿಯುವಷ್ಟರಲ್ಲಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮ ಕಡೆ ಬಂದಿದ್ದರು.

ಒಂದು ಕೋಟಿ! ಅದೇ ವರ್ಷದ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 2.93 ಕೋಟಿ. ಬೀದರಿನಿಂದ ಚಾಮರಾಜನಗರದವರೆಗೆ ಮೂವರಲ್ಲಿ ಒಬ್ಬರು ಗಂಟುಮೂಟೆ ಹೊತ್ತು, ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟರೆ ಎಷ್ಟಾಗುತ್ತದೋ ಅಷ್ಟು. ಜೆಸ್ಸೋರ್ ರಸ್ತೆಯಲ್ಲಿ ಆ ಜನರನ್ನು ಸೈನಿಕನಾಗಿದ್ದ ನಾನು ಕಣ್ಣಾರೆ ಕಂಡೆ. ಆಮೇಲೆ ಡಿಸೆಂಬರ್ 3ರಿಂದ 16ರವರೆಗೆ ನಡೆದ ಯುದ್ಧ, ಕೊನೆಗೆ ಪಾಕಿಸ್ತಾನದ ಕಡೆಯ 93,000 ಮಂದಿ ಸೆರೆ. ಶಾಲೆಯ ಮಕ್ಕಳು ಇವತ್ತಿಗೂ ಬಂದು ನನ್ನನ್ನು ಕೇಳುವುದು ಈ 93,000ದ ಬಗ್ಗೆಯೇ. ನಾನು ಅವರಿಗೆ ಹೇಳಲು ಬಯಸುವುದು 160ರ ಕಥೆ. ಆ ಮತಗಳಿಗೆ ಬೆಲೆ ಸಿಕ್ಕಿದ್ದರೆ ನನ್ನ ಜೊತೆಯವರು ಎಷ್ಟೋ ಮಂದಿ ಊರಿಗೆ ಮರಳುತ್ತಿದ್ದರು.

ಅಂದು ನನಗೇ ಮತವಿರಲಿಲ್ಲ ಎಂದರೆ ಈಗಿನವರು ನಂಬುವುದಿಲ್ಲ. ಮತದಾನದ ವಯಸ್ಸು ಆಗ 21. ರೈಫಲ್ ಹಿಡಿಯಲು ತಕ್ಕವನಾದ ಹುಡುಗ ಮತ ಹಾಕಲು ಮೂರು ವರ್ಷ ಕಾಯಬೇಕಿತ್ತು. ಸಂವಿಧಾನದ 61ನೇ ತಿದ್ದುಪಡಿ ಬಂದು ಅದು 18ಕ್ಕೆ ಇಳಿದದ್ದು 1989ರ ಮಾರ್ಚಿನಲ್ಲಿ. ವಯಸ್ಸಾದ ಮೇಲಾದರೂ ಸುಲಭವಾಯಿತೇ? ಅಂಚೆ ಮತಪತ್ರ ಊರಿನಿಂದ ಹೊರಟು, ಹಿಮದೊಳಗಿನ ಠಾಣೆ ಮುಟ್ಟಿ, ಮತ್ತೆ ಎಣಿಕೆಯ ದಿನದೊಳಗೆ ಹಿಂದಿರುಗಬೇಕಿತ್ತು. 2014ರಲ್ಲಿ ಸೇವಾ ಮತದಾರರ ಮತದಾನ ಶೇಕಡ 4ರಷ್ಟು ಮಾತ್ರ. ಗಡಿ ಕಾಯುವ ನೂರು ಜನರಲ್ಲಿ ತೊಂಬತ್ತಾರು ಜನರ ಮಾತು ದೆಹಲಿಗೆ ಕೇಳಿಸಲೇ ಇಲ್ಲ! ಮತಪತ್ರವನ್ನು ಆನ್‌ಲೈನಿನಲ್ಲಿ ಕಳಿಸಿ, ಮುದ್ರಿಸಿಕೊಂಡು ಗುರುತು ಹಾಕಿ ಅಂಚೆಯಲ್ಲಿ ವಾಪಸು ಕಳಿಸುವ ಏರ್ಪಾಡು ಬಂದ ಮೇಲೆ, 2019ರಲ್ಲಿ 18 ಲಕ್ಷ ಸೇವಾ ಮತದಾರರಲ್ಲಿ 10.84 ಲಕ್ಷ ಜನರ ಮತ ಬಂತು. ಶೇಕಡ 60. ಅರ್ಧ ದಾರಿಯ ಪ್ರಯಾಣವನ್ನು ಉಳಿಸಿದ್ದಕ್ಕೆ ಇಷ್ಟು ಫಲ.

ಈ ದೇಶ ಮನಸ್ಸು ಮಾಡಿದರೆ ಎಂಥದ್ದನ್ನೂ ಮಾಡುತ್ತದೆ. 2024ರಲ್ಲಿ ಅರುಣಾಚಲದ ಮಾಲೋಗಾಮಿನಲ್ಲಿ ಒಬ್ಬ ಹೆಣ್ಣುಮಗಳಿಗಾಗಿ ಸಿಬ್ಬಂದಿ ಕಾಡುದಾರಿ ತುಳಿದು ಹೋಗಿ ಮತಗಟ್ಟೆ ಹೂಡಿದರು. ಆ ಸಲದ ಪಟ್ಟಿಯಲ್ಲಿದ್ದವರು ಸುಮಾರು 96.88 ಕೋಟಿ. ನಮ್ಮ ಪಲ್ಟನ್ನಿನ ರೋಲ್ ಕಾಲ್‌ನಂತೆ ಸೆಕೆಂಡಿಗೊಂದು ಹೆಸರು ಕೂಗುತ್ತಾ ಹೋದರೆ, ಹಗಲಿರುಳು ನಿದ್ದೆಯಿಲ್ಲದೆ, ಮುಗಿಯಲು ಮೂವತ್ತು ವರ್ಷಕ್ಕೂ ಮೇಲೆ ಬೇಕು. ನನ್ನ ಇಡೀ ಸೇವಾವಧಿ ಅದಕ್ಕೆ ಸಾಲದು.

ಇಷ್ಟು ದೊಡ್ಡ ಪಟ್ಟಿಯಲ್ಲಿ ಒಂದು ಹೆಸರು ಹೋದರೆ ಯಾರಿಗೆ ಗೊತ್ತಾಗುತ್ತದೆ? ಮೊದಲ ಚುನಾವಣೆಯಲ್ಲೇ 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದ್ದರೇ ಹೊರತು ತಮ್ಮ ಹೆಸರನ್ನು ಹೇಳಿರಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಕಠಿಣರಾದರು. ಆ ತಾಯಂದಿರನ್ನು ನೆನೆದರೆ ಸಂಕಟವಾಗುತ್ತದೆ, ಆದರೂ ಸೇನ್ ಮಾಡಿದ್ದು ಸರಿಯೆಂದೇ ನನ್ನ ಎಣಿಕೆ. ಸ್ವಂತ ಹೆಸರಿಲ್ಲದೆ ಯಾವ ಹಕ್ಕೂ ನಿಲ್ಲುವುದಿಲ್ಲ.

ಆಳಂದದಲ್ಲಿ ಆದದ್ದಕ್ಕೆ ಮಾತ್ರ ಇಂಥ ಯಾವ ಸಮಾಧಾನವೂ ಇಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆ ಒಂದೇ ಕ್ಷೇತ್ರದಲ್ಲಿ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ ಬಂದ ಅರ್ಜಿಗಳು 6,018. ಒಂದೊಂದನ್ನೂ ಪರಿಶೀಲಿಸಿದಾಗ ನಿಜವಾದವು 24. ಮಿಕ್ಕ 5,994 ಸುಳ್ಳು. ಪೊಲೀಸ್ ದೂರು ದಾಖಲಾಯಿತು, ಆ ಹೆಸರುಗಳು ಉಳಿದವು. ಅದಕ್ಕೆ ಹಿಂದಿನ ಚುನಾವಣೆಯಲ್ಲಿ ಅಲ್ಲಿ ಗೆಲುವಿನ ಅಂತರ 697. ಗೆಲುವಿನ ಅಂತರಕ್ಕಿಂತ ಎಂಟು ಪಟ್ಟು ಹೆಚ್ಚು ಜನರನ್ನು ಅವರಿಗೇ ತಿಳಿಯದಂತೆ ಅಳಿಸಲು ಹೊರಟಿದ್ದರು! ಯಾವ ಪಕ್ಷಕ್ಕೆ ಲಾಭವಾಗುತ್ತಿತ್ತು ಎಂಬುದು ನನಗೆ ಬೇಕಿಲ್ಲ. ರಾತ್ರಿ ಪಹರೆಯಲ್ಲಿ ಬೇಲಿ ಕತ್ತರಿಸುವ ಸದ್ದು ಕೇಳಿದರೆ ಯಾರ ಕಡೆಯವನೆಂದು ನೋಡುತ್ತಾ ನಿಲ್ಲುವುದಿಲ್ಲ.

ಸಾವಿರಾರು ಯಾಕೆ, ಒಂದು ಸಾಕು. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಸಮವಸ್ತ್ರ ಕಳಚಿದ ಮೇಲೆ ದೇಶಸೇವೆ ಮುಗಿಯಿತೆಂದು ಬೆನ್ನು ತಟ್ಟುವವರಿದ್ದಾರೆ. ಆಗಸ್ಟ್ 15ಕ್ಕೆ ಪದಕ ತೊಟ್ಟು ನಿಲ್ಲುವುದು ನನಗೂ ಹೆಮ್ಮೆಯೇ. ಆದರೆ ಕರಡು ಮತದಾರರ ಪಟ್ಟಿ ಬಂದಾಗ ಅದನ್ನು ತರಿಸಿಕೊಂಡು ಓದುವುದು ಅದಕ್ಕಿಂತ ದೊಡ್ಡ ಡ್ಯೂಟಿ ಎಂದು ನಾನು ಎಣಿಸಿದ್ದೇನೆ. ನನ್ನ ಹೆಸರೊಂದನ್ನೇ ಅಲ್ಲ, ಇಡೀ ಕೇರಿಯದನ್ನು: ಗಂಡ ಸತ್ತು ತವರಿಗೆ ಬಂದವಳದು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಹಬ್ಬಕ್ಕೆ ಬರುವವನದು, ಈ ವರ್ಷ ಹದಿನೆಂಟು ತುಂಬಿದ ಹುಡುಗಿಯದು. ಹೆಸರಿಲ್ಲದವರಿಗೆ ನಮೂನೆ 6 ತುಂಬಿಸಬೇಕು, ಬದುಕಿದ್ದವರನ್ನು ಸತ್ತವರೆಂದು ಬರೆದಿದ್ದರೆ ಮತಗಟ್ಟೆ ಅಧಿಕಾರಿಯ ಮುಂದೆ ಆ ಮನುಷ್ಯರನ್ನೇ ಕರೆದೊಯ್ಯಬೇಕು. 2024ರಲ್ಲಿ ದೇಶದಲ್ಲಿದ್ದ 10.5 ಲಕ್ಷ ಮತಗಟ್ಟೆಗಳಿಗೆ ಆ ವರ್ಷದ ಬೃಹತ್ ಪಟ್ಟಿಯನ್ನು ಹಂಚಿದರೆ ಒಂದೊಂದಕ್ಕೆ ಸರಾಸರಿ 920 ಹೆಸರು. ಸೆಕೆಂಡಿಗೊಂದರಂತೆ ಗಟ್ಟಿಯಾಗಿ ಓದಿದರೆ ಹದಿನೈದು ನಿಮಿಷ.