ಯಾರ ಮಗಳೂ ಅಲ್ಲದ ಹುಡುಗಿ

1975ರಲ್ಲಿ ಕೆಲಕಾಲ ಲ್ಯೂಕ್ ಸ್ಕೈವಾಕರ್ ಹುಡುಗಿಯಾಗಿದ್ದ. ‘ಸ್ಟಾರ್ ವಾರ್ಸ್’ ಚಿತ್ರಕಥೆಯ ಎರಡನೇ ಕರಡು ಮುಗಿಸಿದ ಮೇಲೆ ಜಾರ್ಜ್ ಲ್ಯೂಕಾಸ್ ಅವರಿಗೆ ಕಥೆಯಲ್ಲಿ ಹೆಣ್ಣುಮಕ್ಕಳೇ ಇಲ್ಲವಲ್ಲ ಎಂಬುದು ಕಾಡತೊಡಗಿತು. ನಾಯಕನನ್ನೇ ನಾಯಕಿ ಮಾಡಿಬಿಟ್ಟರು. ಕಲಾವಿದ ರಾಲ್ಫ್ ಮೆಕ್‌ಕ್ವಾರಿ ಆ ಹುಡುಗಿಯನ್ನೂ ಸೇರಿಸಿ ಪಾತ್ರಗಳ ಗುಂಪುಚಿತ್ರವೊಂದನ್ನು ಬರೆದರು. ಮುಂದಿನ ಕರಡಿನಲ್ಲಿ ರಾಜಕುಮಾರಿ ಲಿಯಾಳ ಪಾತ್ರ ಬೆಳೆಯಿತು, ಲ್ಯೂಕ್ ಮತ್ತೆ ಹುಡುಗನಾದ. 1977ರಲ್ಲಿ ಜಗತ್ತು ನೋಡಿದ್ದು ಆ ಹುಡುಗನನ್ನು. ಈ ಸರಣಿಯ ಸಿನಿಮಾವೊಂದರ ನಟ್ಟನಡುವೆ ಹುಡುಗಿಯೊಬ್ಬಳು ಬಂದು ನಿಲ್ಲಲು ಮತ್ತೆ ಸುಮಾರು ನಲವತ್ತು ವರ್ಷ ಹಿಡಿಯಿತು.

2012ರ ಅಕ್ಟೋಬರ್ 30ರಂದು ಡಿಸ್ನಿ ಸಂಸ್ಥೆ ಸುಮಾರು 405 ಕೋಟಿ ಡಾಲರ್ ಕೊಟ್ಟು ಲ್ಯೂಕಾಸ್‌ಫಿಲ್ಮ್ ಕೊಂಡುಕೊಂಡಿತು. ಮುಂದಿನ ಮೂರು ಚಿತ್ರಗಳ ಕಥಾಹಂದರವನ್ನು ಲ್ಯೂಕಾಸ್ ಬರೆದುಕೊಟ್ಟಿದ್ದರು. ಅದರ ಬಹುಭಾಗವನ್ನು ಹೊಸ ಮಾಲೀಕರು ಬದಿಗಿಟ್ಟರು. ಅದರಿಂದ ಲ್ಯೂಕಾಸ್ ಅವರಿಗೆ ಮೋಸ ಹೋದಂತೆನಿಸಿತು ಎಂದು ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಹೊಸ ಚಿತ್ರಕಥೆಯ ಹೊಣೆ ಬಿದ್ದದ್ದು ‘ಲಿಟಲ್ ಮಿಸ್ ಸನ್‌ಶೈನ್’ ಬರೆದು ಆಸ್ಕರ್ ಪಡೆದಿದ್ದ ಮೈಕೆಲ್ ಆರ್ಂಟ್ ಮೇಲೆ. ಅವರ ಕಥೆಯಲ್ಲೂ ನಾಯಕಿ ಹುಡುಗಿಯೇ. ಆಗ ಅವಳ ಹೆಸರು ಕೀರಾ.

ಬರೆಯುತ್ತ ಹೋದಂತೆ ಆರ್ಂಟ್‌ಗೆ ಒಂದೇ ತೊಡಕು ಮತ್ತೆ ಮತ್ತೆ ಎದುರಾಯಿತು. ಹುಡುಗಿಯ ಮನೆ ನಾಶವಾಗುತ್ತದೆ, ಅವಳು ದಾರಿ ಹಿಡಿಯುತ್ತಾಳೆ, ಲ್ಯೂಕ್‌ನನ್ನು ಭೇಟಿಯಾಗುತ್ತಾಳೆ. ಅಷ್ಟೇ, ಅಲ್ಲಿಂದ ಮುಂದೆ ಕಥೆ ಅವಳದ್ದಾಗಿ ಉಳಿಯುತ್ತಿರಲಿಲ್ಲ. ಮೂವತ್ತು ವರ್ಷಗಳಿಂದ ಜನ ಮನಸ್ಸಿನಲ್ಲಿಟ್ಟುಕೊಂಡ ಲ್ಯೂಕ್ ಎದುರಿಗಿರುವಾಗ ಹೊಸ ಹುಡುಗಿಯ ಗತಿ ಏನಾದರೆ ಯಾರಿಗೇನು? 2013ರ ಅಕ್ಟೋಬರಿನಲ್ಲಿ ಆರ್ಂಟ್ ಹೊರನಡೆದರು. ಬರವಣಿಗೆಯನ್ನು ನಿರ್ದೇಶಕ ಜೆ.ಜೆ. ಏಬ್ರಮ್ಸ್ ಮತ್ತು ಹಳೆಯ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಬರೆದವರಲ್ಲೊಬ್ಬರಾದ ಲಾರೆನ್ಸ್ ಕ್ಯಾಸ್ಡನ್ ಕೈಗೆತ್ತಿಕೊಂಡರು. ಇಬ್ಬರೂ ಗಂಟೆಗಟ್ಟಲೆ ನಡೆಯುತ್ತ, ಆಡಿದ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುತ್ತ ಕಥೆ ಕಟ್ಟಿದರು. ಲ್ಯೂಕ್ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲ, ಎಲ್ಲರೂ ಅವನನ್ನೇ ಹುಡುಕುತ್ತಿದ್ದಾರೆ. ಕೊನೆಯ ದೃಶ್ಯದಲ್ಲಿ ಅವನು ಒಂದೂ ಮಾತಾಡದೆ ಕಾಣಿಸಿಕೊಳ್ಳುತ್ತಾನೆ. ಇಡೀ ಸಿನಿಮಾ ಹೊಸಬರ ಪಾಲಿಗೆ ಸಿಕ್ಕಿತು. ನನ್ನ ಮಟ್ಟಿಗೆ ಈ ಮೂರೂ ಚಿತ್ರಗಳಲ್ಲಿ ಬರಹಗಾರರು ತೆಗೆದುಕೊಂಡ ಅತ್ಯಂತ ಧೈರ್ಯದ ತೀರ್ಮಾನ ಇದು.

ಆ ಪಾಲನ್ನು ಹುಡುಗಿ ಹೇಗೆ ಬಳಸಿಕೊಂಡಳು ನೋಡಿ. ಕೀರಾ ಈಗ ರೇ ಆಗಿದ್ದಾಳೆ. ಜಾಕು ಎಂಬ ಮರಳುಗಾಡಿನ ಗ್ರಹದಲ್ಲಿ, ಹಳೆಯ ಯುದ್ಧದಲ್ಲಿ ಬಿದ್ದ ದೈತ್ಯ ನೌಕೆಯೊಳಗೆ ಹಗ್ಗ ಹಿಡಿದು ಇಳಿದು ಬಿಡಿಭಾಗ ಕಿತ್ತು ತರುತ್ತಾಳೆ. ಗುಜರಿಯವನೆದುರು ಕೂತು ಅವನ್ನು ಉಜ್ಜುತ್ತಾಳೆ. ಪಕ್ಕದಲ್ಲಿ ಮುದುಕಿಯೊಬ್ಬಳು ಅದೇ ಕೆಲಸ ಮಾಡುತ್ತಿದ್ದಾಳೆ. ರೇ ಅವಳನ್ನು ಒಂದು ಕ್ಷಣ ದಿಟ್ಟಿಸುತ್ತಾಳೆ. ದಿನದ ದುಡಿಮೆಗೆ ಸಿಗುವುದು ಒಂದು ಪೊಟ್ಟಣ ಪುಡಿ. ನೀರಿಗೆ ಸುರಿದರೆ ಅದು ಉಬ್ಬಿ ಬ್ರೆಡ್ಡಾಗುತ್ತದೆ. ಅದು ಕಂಪ್ಯೂಟರಿನಲ್ಲಿ ಬರೆದದ್ದಲ್ಲ, ಕ್ಯಾಮೆರಾ ಎದುರಿಗೇ ಉಬ್ಬಿದ್ದು. ಗೋಡೆಯ ಮೇಲೆ ಕಾದ ದಿನಗಳ ಗೀರುಗಳು. ತಿಂದು ಮುಗಿಸಿ ತಟ್ಟೆ ನೆಕ್ಕಿ, ಎಲ್ಲೋ ಸಿಕ್ಕ ಹಳೆಯ ಪೈಲಟ್ ಹೆಲ್ಮೆಟ್ ತಲೆಗೆ ಹಾಕಿಕೊಂಡು ಆಕಾಶ ನೋಡುತ್ತಾಳೆ. ಹೆಚ್ಚುಕಡಿಮೆ ಮಾತೇ ಇಲ್ಲದ ಈ ಕೆಲವು ನಿಮಿಷಗಳಲ್ಲಿ ಅವಳ ಹಸಿವು, ಒಂಟಿತನ, ಹಟ ಮೂರೂ ನಮಗೆ ಗೊತ್ತಾಗಿಬಿಡುತ್ತವೆ. ಅಲ್ಲಿಯವರೆಗೆ ಹೆಚ್ಚೇನೂ ಪರಿಚಯವಿಲ್ಲದಿದ್ದ ಡೇಸಿ ರಿಡ್ಲಿ ಮುಖದಲ್ಲಿ ತಾರೆಯ ಗತ್ತು ಎಳ್ಳಷ್ಟೂ ಇಲ್ಲ.

ಸೈನ್ಯ ಬಿಟ್ಟು ಓಡಿಬರುವ ಫಿನ್ ಹುಟ್ಟಿಕೊಂಡದ್ದು ಇನ್ನೂ ಒಳ್ಳೆಯ ಪ್ರಶ್ನೆಯೊಂದರಿಂದ: ಬಿಳಿ ಕವಚದ ಆ ಸೈನಿಕರ ಒಳಗೆ ಯಾರಿದ್ದಾರೆ? ಹಳೆಯ ಚಿತ್ರಗಳಲ್ಲಿ ಅವರು ಗುಂಡಿಗೆ ಬೀಳುವ ಸಾಲುಗಳಷ್ಟೇ. ಇಲ್ಲಿ ಸಾಯುತ್ತಿರುವ ಸೈನಿಕನೊಬ್ಬ ಜೊತೆಗಾರನ ಹೆಲ್ಮೆಟ್ ಹಿಡಿದುಕೊಳ್ಳಲು ಹೋಗುತ್ತಾನೆ, ಮೂರು ಬೆರಳಿನ ರಕ್ತದ ಗೀರು ಅದರ ಮೇಲೆ ಉಳಿಯುತ್ತದೆ. ಒಂದೇ ಥರದ ನೂರು ಮುಖವಾಡಗಳ ನಡುವೆ ಇವನನ್ನು ನಾವು ಗುರುತಿಸುವುದು ಆ ಗೀರಿನಿಂದ. ಅವನಿಗೆ ಹೆಸರಿಲ್ಲ, ಎಫ್‌ಎನ್-2187 ಎಂಬ ಸಂಖ್ಯೆ ಇದೆ. 1977ರ ಚಿತ್ರದಲ್ಲಿ ಲಿಯಾಳನ್ನು ಕೂಡಿಹಾಕಿದ್ದ ಕೋಣೆಯ ಸಂಖ್ಯೆಯೂ 2187. ಲ್ಯೂಕಾಸ್ ಅದನ್ನು ಆರಿಸಿಕೊಂಡದ್ದು ತಾವು ಬಹಳ ಮೆಚ್ಚಿದ್ದ, ಕೆನಡಾದ ಆರ್ಥರ್ ಲಿಪ್‌ಸೆಟ್ ಅವರ ‘21-87’ ಎಂಬ ಕಿರುಚಿತ್ರದ ನೆನಪಿಗೆ.

ಪೈಲಟ್ ಪೋ ಡ್ಯಾಮರನ್ ಮೊದಲ ಯೋಜನೆಯ ಪ್ರಕಾರ ಆರಂಭದಲ್ಲೇ ಸಾಯಬೇಕಿತ್ತು. ಅಂಥ ಪಾತ್ರ ಹಿಂದೆಯೇ ಮಾಡಿದ್ದೇನೆ ಎಂದು ನಟ ಆಸ್ಕರ್ ಐಸಾಕ್ ಹಿಂಜರಿದಾಗ ಏಬ್ರಮ್ಸ್ ಅವನನ್ನು ಬದುಕಿಸಿದರು.

2014ರ ಜೂನಿನಲ್ಲಿ ಸೆಟ್ಟಿನ ನೌಕೆಯ ಬಾಗಿಲು ಬಿದ್ದು ನಟ ಹ್ಯಾರಿಸನ್ ಫೋರ್ಡ್ ಕಾಲು ಮುರಿಯಿತು. ಮುಂದೆ ಚಿತ್ರೀಕರಣಕ್ಕೆ ಬಿಡುವು ಸಿಕ್ಕಾಗ ಏಬ್ರಮ್ಸ್ ರೇ ಮತ್ತು ಫಿನ್ ದೃಶ್ಯಗಳನ್ನು ತಿದ್ದಿದರು. ಅದುವರೆಗೆ ಸದಾ ಜಗಳಕ್ಕೆ ನಿಲ್ಲುತ್ತಿದ್ದ ಇಬ್ಬರೂ ಆಮೇಲೆ ಗೆಳೆಯರಾದರು. ಸಿನಿಮಾದ ಜೀವ ಇರುವುದು ಆ ಗೆಳೆತನದಲ್ಲೇ. 2015ರ ಡಿಸೆಂಬರಿನಲ್ಲಿ ಬಂದ ‘ದಿ ಫೋರ್ಸ್ ಅವೇಕನ್ಸ್’ 200 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು.

ಆದರೆ ಒಂದು ಪ್ರಶ್ನೆಯನ್ನು ಆ ಚಿತ್ರ ಹಾಗೇ ಬಿಟ್ಟಿತ್ತು: ರೇ ಯಾರ ಮಗಳು? ಪಂಪನ ಕರ್ಣನನ್ನು ಓದಿದ ನಮಗೆ ಈ ಪ್ರಶ್ನೆ ಎಷ್ಟು ಕ್ರೂರವೆಂದು ಬಿಡಿಸಿ ಹೇಳಬೇಕಿಲ್ಲ. 2017ರ ‘ದಿ ಲಾಸ್ಟ್ ಜೆಡೈ’ಯಲ್ಲಿ ರಯಾನ್ ಜಾನ್ಸನ್ ಕೊಟ್ಟ ಉತ್ತರ: ಯಾರ ಮಗಳೂ ಅಲ್ಲ. ಕುಡಿತದ ಕಾಸಿಗೆ ಅವಳನ್ನು ಮಾರಿದ ಗುಜರಿಯವರು ಅವಳ ಹೆತ್ತವರು. ಅದೇ ಚಿತ್ರದ ಕಡೆಯಲ್ಲಿ ಲಾಯದ ಕೂಲಿಹುಡುಗನೊಬ್ಬ ಕೈ ಚಾಚಿದರೆ ಪೊರಕೆ ತಾನಾಗಿ ಅವನ ಹಿಡಿತಕ್ಕೆ ಬರುತ್ತದೆ. ಫೋರ್ಸ್ ಎಂಬ ಆ ಶಕ್ತಿ ವಂಶದ ಸೊತ್ತಲ್ಲ ಎಂಬುದು ಅದೊಂದೇ ಚಲನೆಯಲ್ಲಿ ತಿಳಿಯುತ್ತದೆ. ಈ ಸರಣಿಗೆ ಬಹುಕಾಲದಿಂದ ಬೇಕಾಗಿದ್ದ ಉತ್ತರ ಇದು ಎಂದೇ ನಾನು ನಂಬಿದ್ದೇನೆ.

ಚಿತ್ರದ ಕುರಿತು ಅಭಿಮಾನಿಗಳು ಎರಡು ಪಾಳಯವಾದರು. ರೋಸ್ ಎಂಬ ಮೆಕ್ಯಾನಿಕ್ ಪಾತ್ರ ಮಾಡಿದ್ದ ಕೆಲ್ಲಿ ಮರೀ ಟ್ರಾನ್ ಮೇಲೆ ಜನಾಂಗದ್ವೇಷದ ಬೈಗುಳ ಸುರಿದು, 2018ರಲ್ಲಿ ಅವರು ತಮ್ಮ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲ ಅಳಿಸಿಹಾಕಿದರು. 2019ರ ‘ದಿ ರೈಸ್ ಆಫ್ ಸ್ಕೈವಾಕರ್’ನಲ್ಲಿ ರೋಸ್ ಮೂಲೆ ಸೇರಿದಳು. ರೇ ದುಷ್ಟ ಚಕ್ರವರ್ತಿಯ ಮೊಮ್ಮಗಳೆಂದಾಯಿತು. ಕೊನೆಗೆ ಮುದುಕಿಯೊಬ್ಬಳು ಮನೆತನ ಕೇಳಿದಾಗ ಅವಳು ಸ್ಕೈವಾಕರ್ ಎಂಬ ಹೆಸರನ್ನು ಎತ್ತಿಕೊಳ್ಳುತ್ತಾಳೆ. ಕುಲವಿಲ್ಲದ ಹುಡುಗಿಗೆ ಒಂದಲ್ಲ, ಎರಡು ಕುಲ ಅಂಟಿಸಲಾಯಿತು. ಇದು ನನಗೆ ಇಂದಿಗೂ ನೋವಿನ ಸಂಗತಿ.

ಫಿನ್‌ಗೆ ಆದದ್ದು ಅದಕ್ಕಿಂತ ದೊಡ್ಡ ಅನ್ಯಾಯ. 2014ರ ಮೊದಲ ಟೀಸರಿನಲ್ಲಿ ಕಂಡ ಮೊದಲ ಮುಖ ಜಾನ್ ಬೊಯೇಗಾ ಅವರದು. ಕತ್ತಿ ಹಿಡಿದವನೆಂದು ಪೋಸ್ಟರುಗಳಲ್ಲಿ ಮೆರೆಸಿದ ಪಾತ್ರವನ್ನು ಒಂದೊಂದೇ ಚಿತ್ರದಲ್ಲಿ ಅಂಚಿಗೆ ತಳ್ಳಿದರು. ಕಪ್ಪುವರ್ಣದ ಪಾತ್ರವನ್ನು ಪ್ರಚಾರದಲ್ಲಿ ದೊಡ್ಡದು ಮಾಡಿ ಆಮೇಲೆ ಬದಿಗೆ ಸರಿಸಬೇಡಿ ಎಂದು 2020ರ ಸಂದರ್ಶನವೊಂದರಲ್ಲಿ ಬೊಯೇಗಾ ನೇರವಾಗಿ ಹೇಳಿದರು. ದಂಗೆಯೆದ್ದ ಸೈನಿಕನ ಕಥೆಯಲ್ಲಿ ಇನ್ನುಳಿದ ಸಾವಿರಾರು ಸೈನಿಕರ ಕಥೆಯೂ ಇತ್ತು. ಅದನ್ನು ಯಾರೂ ಪೂರ್ತಿ ಬರೆಯಲಿಲ್ಲ.

2023ರ ಏಪ್ರಿಲಿನಲ್ಲಿ ಲಂಡನ್ನಿನ ಅಭಿಮಾನಿ ಸಮಾವೇಶದಲ್ಲಿ ರೇಯ ಮುಂದಿನ ಚಿತ್ರವನ್ನು ಘೋಷಿಸಲಾಯಿತು. ನಿರ್ದೇಶನಕ್ಕೆ ಹೆಸರಿಸಿದ್ದು ಕರಾಚಿಯಲ್ಲಿ ಹುಟ್ಟಿ, ಸಾಕ್ಷ್ಯಚಿತ್ರಗಳಿಗೆ ಎರಡು ಆಸ್ಕರ್ ಪಡೆದ ಶರ್ಮೀನ್ ಒಬೈದ್ ಚಿನಾಯ್ ಅವರನ್ನು. ಆಗ ಹೇಳಿದಂತೆ, ಕಥೆ ನಡೆಯುವುದು ‘ದಿ ರೈಸ್ ಆಫ್ ಸ್ಕೈವಾಕರ್’ನ ಹದಿನೈದು ವರ್ಷಗಳ ನಂತರ. ಫೋರ್ಸ್ ಬಳಸುವ ಯೋಧರಾದ ಜೆಡೈಗಳ ಪರಂಪರೆಯನ್ನು ರೇ ಹೊಸದಾಗಿ ಕಟ್ಟುತ್ತಾಳೆ. ಅಷ್ಟರಲ್ಲಿ ಲಾಯದ ಆ ಹುಡುಗ ಪ್ರಾಯಕ್ಕೆ ಬಂದಿರುತ್ತಾನೆ. ಅವನನ್ನೂ, ಫಿನ್‌ನನ್ನೂ ಕಥೆಯೊಳಕ್ಕೆ ಕರೆದುಕೊಳ್ಳಲಿ ಎಂಬುದು ನನ್ನ ಆಸೆ.