ಹೊಸ ದ್ರಾಕ್ಷಾರಸ, ಹಳೆಯ ಬುದ್ದಲಿ
(ಪೆಂತೆಕೋಸ್ತ್ ಮಹೋತ್ಸವದ ಚಿಂತನೆ)



ಪೆಂತೆಕೋಸ್ತ್ ಹಬ್ಬದ ಮೊದಲ ವಾಚನ ಪ್ರೇಷಿತರ ಕಾರ್ಯಕಲಾಪಗಳು 2:11ಕ್ಕೆ ನಿಲ್ಲುತ್ತದೆ. ಎರಡು ವಚನ ಮುಂದೆ ಓದಿದರೆ, ಪ್ರೇಷಿತರು ಹೊಸ ದ್ರಾಕ್ಷಾರಸದ ಅಮಲಿನಲ್ಲಿದ್ದಾರೆಂದು ಕೆಲವರು ಗೇಲಿ ಮಾಡಿದ್ದು ಕಾಣುತ್ತದೆ. ಗಂಟೆ ಇನ್ನೂ ಬೆಳಗಿನ ಒಂಬತ್ತು ಎಂದು ಪೇತ್ರರು ಉತ್ತರಿಸಿದರು. ಗೇಲಿಯಾದರೂ ಅದರಲ್ಲಿ ನಮಗೊಂದು ಪಾಠವಿದೆ.

ಬಂಟ್ವಾಳ, ಮೂಡುಬಿದಿರೆಯ ಕಡೆ ಹಬ್ಬವೆಂದರೆ ಸಣ್ಣ ಬೇಕು. ಬೆಳ್ತಂಗಡಿಯ ಸೀರೋ ಮಲಬಾರ್ ಮನೆಗಳಲ್ಲಿ ಕಳ್ಳಪ್ಪಂ. ಭಾಷೆ ಬೇರೆ, ಪೂಜಾವಿಧಿ ಬೇರೆ; ಹಿಟ್ಟು ಉಬ್ಬಿಸುತ್ತಿದ್ದ ಶೇಂದಿ ಮಾತ್ರ ಒಂದೇ. ಮೂರ್ತೆದಾರರು ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸಕ್ಕೆ ಯಾರೂ ಏನನ್ನೂ ಬೆರೆಸಬೇಕಾಗಿಲ್ಲ. ಗಾಳಿಯಲ್ಲಿ, ಮಡಕೆಯ ಗೋಡೆಯಲ್ಲಿ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಕೂಡಲೇ ಕೆಲಸಕ್ಕೆ ತೊಡಗುತ್ತದೆ. ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಮಡಕೆಯ ಬಾಯಲ್ಲಿ ಕಾಣುವ ನೊರೆ ಆ ಅನಿಲದ್ದೇ. ಅದು ಹಿಟ್ಟಿನಲ್ಲಿ ಸಿಕ್ಕಿಕೊಂಡರೆ ಸಣ್ಣ ಹೂವಿನಂತೆ ಅರಳುತ್ತದೆ. ಇಂದು ಅನೇಕ ಮನೆಗಳಲ್ಲಿ ಅಂಗಡಿಯ ಯೀಸ್ಟ್ ಪುಡಿಯೇ ಗತಿ; ಆ ಪರಿಮಳವೇನೋ ಬರುವುದಿಲ್ಲ!

ಕ್ರಿಸ್ಮಸ್‌ಗೆ ಭರಣಿಯಲ್ಲಿ ದ್ರಾಕ್ಷಿ ಹಾಕುವ ನಮ್ಮ ಅಜ್ಜಿಯಂದಿರು ಬಾಯಿಗೆ ಬಿಗಿ ಮುಚ್ಚಳ ಹಾಕದೆ ಬಟ್ಟೆ ಕಟ್ಟುತ್ತಿದ್ದರು. ಒಂದು ಗ್ರಾಂ ಸಕ್ಕರೆಯಿಂದ ಸುಮಾರು ಅರ್ಧ ಗ್ರಾಂ ಅನಿಲ ಹುಟ್ಟುತ್ತದೆ. ಹೊರದಾರಿ ಸಿಗದಿದ್ದರೆ ಸೀಸೆ ಸಿಡಿಯುತ್ತದೆ. ಯೇಸುಸ್ವಾಮಿ ಬುದ್ದಲಿಯ ಸಾಮತಿ ಹೇಳಿದಾಗ (ಮಾರ್ಕ 2:22) ಕೇಳುಗರಿಗೆ ಇದು ಮನೆಯ ವಿಷಯವಾಗಿತ್ತು. ಹೊಸ ಚರ್ಮ ಹಿಗ್ಗುತ್ತದೆ. ಹಳೆಯದು ಹಿಗ್ಗಬೇಕಾದಷ್ಟು ಹಿಗ್ಗಿ ಗಡುಸಾಗಿರುತ್ತದೆ.

ಬೆಲ್ಜಿಯಂ ದೇಶದ ಟ್ರಾಪಿಸ್ಟ್ ಮಠವಾಸಿಗಳಿಗೂ ಈ ಗುಟ್ಟು ಗೊತ್ತು. ವೆಸ್ಟ್‌ಮಾಲೆ ಮಠದಲ್ಲಿ 1836ರಿಂದ ಬಿಯರ್ ತಯಾರಾಗುತ್ತಿದೆ. ಒಮ್ಮೆ ಹುದುಗಿದ ಬಿಯರನ್ನು ಸೀಸೆಗೆ ತುಂಬುವಾಗ ತುಸು ಸಕ್ಕರೆ, ತುಸು ಯೀಸ್ಟ್ ಸೇರಿಸಿ ಮುಚ್ಚುತ್ತಾರೆ. ಸೀಸೆಯೊಳಗೆ ಅದು ಮತ್ತೊಮ್ಮೆ ಹುದುಗುತ್ತದೆ. ಅನಿಲ ದ್ರವದಲ್ಲೇ ಕರಗಿ ಕಾಯುತ್ತದೆ. ಮುಚ್ಚಳ ತೆಗೆದಾಗ ನೊರೆಯಾಗಿ ಏಳುತ್ತದೆ. ಬಾರ್ಲಿಯ ಪ್ರೋಟೀನು, ಹಾಪ್ ಹೂವಿನ ಕಹಿ ಅಂಶ ಗುಳ್ಳೆಗಳನ್ನು ಹಿಡಿದಿಡುವುದರಿಂದ ಆ ನೊರೆ ಬೇಗ ಇಳಿಯದು. ಯೀಸ್ಟ್ ಕೆಲಸ ಮುಗಿಸಿ ತಳದಲ್ಲಿ ಮಡ್ಡಿಯಾಗಿ ಕೂರುತ್ತದೆ. ಸಕ್ಕರೆಯನ್ನು ಅಳೆದೇ ಹಾಕಬೇಕು, ಒತ್ತಡ ತಾಳುವ ದಪ್ಪ ಗಾಜೇ ಬೇಕು.

ಇದನ್ನು ಬರೆದದ್ದು ಕುಡಿತವನ್ನು ಹೊಗಳಲೆಂದಲ್ಲ. ಕುಡಿತದಿಂದ ಬೆಂದ ಮನೆಗಳು ನಮ್ಮ ಪ್ರತಿಯೊಂದು ವಾಳೆಯಲ್ಲೂ ಇವೆ. ಆ ಮನೆಯ ತಾಯಂದಿರ ಮುಂದೆ ಈ ಹೋಲಿಕೆಯನ್ನು ಹಗುರವಾಗಿ ಆಡುವಂತಿಲ್ಲ.

ನಮ್ಮನ್ನು ಕಾಡುವ ಪ್ರಶ್ನೆ ಬುದ್ದಲಿಯದು. ಧರ್ಮಕೇಂದ್ರದ ಪಾಲನಾ ಮಂಡಳಿಯ ಸಭೆಯಲ್ಲಿ ಯುವಕನೊಬ್ಬ ಎದ್ದು ಹೊಸ ಮಾತು ಹೇಳುತ್ತಾನೆ. ‘ನಮ್ಮಲ್ಲಿ ಮೊದಲಿನಿಂದಲೂ ಹೀಗೆಯೇ’ ಎಂದು ಹಿರಿಯರು ಕೂರಿಸುತ್ತಾರೆ. ಎರಡನೇ ಸಲ ಅವನು ಸಭೆಗೇ ಬರುವುದಿಲ್ಲ. ದೃಢೀಕರಣ ಸಂಸ್ಕಾರದಲ್ಲಿ ಪವಿತ್ರಾತ್ಮರ ವರಗಳನ್ನು ಅವನಿಗಾಗಿ ಬೇಡಿದವರು ನಾವೇ. ಸಣ್ಣದ ಹಿಟ್ಟು ಕಲಸುವ ತಾಯಿ ಪಾತ್ರೆಯನ್ನು ಕಂಠದವರೆಗೆ ತುಂಬಿಸುವುದಿಲ್ಲ. ರಾತ್ರಿ ಅದು ಉಬ್ಬುತ್ತದೆಂದು ಅವಳಿಗೆ ಗೊತ್ತಿರುವುದರಿಂದ ಜಾಗ ಬಿಟ್ಟಿರುತ್ತಾಳೆ. ನಮ್ಮ ಸಭೆಗಳಲ್ಲಿ ಅಷ್ಟು ಜಾಗ ಉಳಿದಿದೆಯೇ?

ಹಬ್ಬದ ಶುಭಸಂದೇಶದಲ್ಲಿ (ಯೊವಾನ್ನ 20:19-23) ಶಿಷ್ಯರು ಭಯದಿಂದ ಬಾಗಿಲು ಭದ್ರಪಡಿಸಿ ಕುಳಿತಿದ್ದರು. ಯೇಸು ಆ ಮುಚ್ಚಿದ ಕೋಣೆಯೊಳಗೇ ಬಂದು ನಿಂತು ಅವರ ಮೇಲೆ ಉಸಿರೂದಿದರು.