ಐವತ್ತು ಮೈಕ್ರಾನ್ ಮೇಲೆ ಯಾವ ಸ್ಯಾಂಡರ್?

ನಮ್ಮಲ್ಲಿ ಒಬ್ಬ ಬಂಟ್ವಾಳದವ, ಒಬ್ಬ ಬೆಳ್ತಂಗಡಿಯವ, ಒಬ್ಬಳು ಮೂಡುಬಿದಿರೆಯವಳು. ಮೂವರೂ ಮೆಕ್ಯಾನಿಕಲ್, ಮೂವರಿಗೂ ಸ್ವಂತ ಕಾರಿಲ್ಲ. ಬೆಳ್ತಂಗಡಿಯವನ ಮಾವ ರಜೆಯಲ್ಲಿ ತಮ್ಮ ಹಳೇ ಕಾರಿಗೆ ಪೈಂಟ್ ಮಾಡಿಸಿದ್ದರು. ಬಗ್ಗಿ ನೋಡಿದರೆ ಬಾನೆಟ್ ತುಂಬ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ. "ಇಂಜಿನಿಯರಿಂಗ್ ಕಲಿಯುವವರಲ್ವಾ ನೀವು, ಸರಿ ಮಾಡಿ ನೋಡುವ" ಅಂದರು. ಮರದ ಕೆಲಸದವರ ಸ್ಯಾಂಡರ್ ಕೇಳಿ ತಂದು ಉಜ್ಜಿದೆವು. ಅಂಚಿನಲ್ಲಿ ಕ್ಲಿಯರ್ ಕೋಟ್ ಹೋಗಿ ಒಳಗಿನ ಬಣ್ಣವೇ ಪೇಪರಿಗೆ ಬಂತು. ಬಾನೆಟ್ ಪುನಃ ಪೈಂಟಿಗೆ ಹೋಯಿತು, ಹಣ ಮಾವನದ್ದೇ. ಅವರು ಬೈಯಲಿಲ್ಲ, ನಮಗೆ ಅದೇ ಕಷ್ಟ ಆದದ್ದು. ಆಮೇಲೆ ಓದಿ, ಪೈಂಟರ್ ಅಣ್ಣಂದಿರ ಹತ್ತಿರ ಕೇಳಿ ತಿಳಿದದ್ದು ಇದು.

ಬಣ್ಣದ ಮೇಲಿನ ಪಾರದರ್ಶಕ ಪದರವೇ ಕ್ಲಿಯರ್ ಕೋಟ್. ಹೊಳಪು ಕೊಡುವುದೂ ಬಿಸಿಲು ತಡೆಯುವುದೂ ಅದೇ. ದಪ್ಪ ಸಾಮಾನ್ಯವಾಗಿ 40ರಿಂದ 60 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ತೆಳು. ಅಂಚುಗಳಲ್ಲಿ ಇನ್ನೂ ಕಡಿಮೆ ಇರುತ್ತದೆ. ಸ್ಯಾಂಡ್ ಮಾಡುವುದೆಂದರೆ ಇದರಿಂದಲೇ ಕಳೆಯುವುದು, ಕಳೆದದ್ದನ್ನು ಪಾಲಿಶ್ ವಾಪಸ್ ತರುವುದಿಲ್ಲ.

ಹಾಗಾಗಿ ಗ್ರೈಂಡರಿಗೆ ಪೇಪರ್ ಸಿಕ್ಕಿಸುವ ಯೋಚನೆಯೇ ಬೇಡ. ಬೇಕಾದದ್ದು ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್. ಅದರಲ್ಲಿಯೂ ಮೊದಲು ನೋಡಬೇಕಾದದ್ದು ವಾಟ್ ಅಲ್ಲ, ಆರ್ಬಿಟ್. ನಾವು ತಂದದ್ದು 5 ಮಿ.ಮೀ.ನದ್ದು. ಪೇಪರಿನ ಒಂದು ಕಾಳು ಒಂದು ಸುತ್ತಿಗೆ 5 × 3.14, ಸುಮಾರು 15.7 ಮಿ.ಮೀ. ಓಡುತ್ತದೆ. ನಿಮಿಷಕ್ಕೆ 10,000 ಸುತ್ತಾದರೆ 157 ಮೀಟರ್! ಆರ್ಬಿಟ್ 2.5 ಆದರೆ ಅದರ ಅರ್ಧ. ಗೀರಿನ ಸುತ್ತೂ ಸಣ್ಣದಾಗುತ್ತದೆ, ಪಾಲಿಶಿಗೆ ಬೇಗ ಹೋಗುತ್ತದೆ. ಲೆಕ್ಕ ಡಿಪ್ಲೊಮಾದವರಿಗೂ ಗೊತ್ತಿರುವಂಥದ್ದು, ನಾವು ಮಾತ್ರ ಬಾನೆಟ್ ಹಾಳಾದ ಮೇಲೆ ಮಾಡಿದ್ದು. ಪೈಂಟ್ ಕೆಲಸಕ್ಕೆಂದೇ 2.5 ಅಥವಾ 3 ಮಿ.ಮೀ. ಆರ್ಬಿಟ್‌ನ ಸ್ಯಾಂಡರ್ ಸಿಗುತ್ತದೆ, ಸ್ಪೀಡ್ ಕಡಿಮೆ ಮಾಡಲು ಬರುವಂಥದ್ದೇ ಆಗಲಿ.

ಪ್ಯಾಡ್ ವಿಷಯದಲ್ಲಿ ಸ್ವಲ್ಪ ತಲೆ ಓಡಿಸಬೇಕು. ಗಟ್ಟಿ ಪ್ಯಾಡ್ ಉಬ್ಬಿನ ಮೇಲೆ ಒಂದೇ ಕಡೆ ಒತ್ತಿ ತೂತು ಮಾಡುತ್ತದೆ. ತುಂಬ ಮೆತ್ತಗಾದರೆ ಗುಳಿಯ ಒಳಗೂ ಇಳಿಯುತ್ತದೆ, ಆಗ ಮೇಲ್ಮೈ ಸಮ ಆಗುವುದೇ ಇಲ್ಲ. ನಾವು ಈಗ ಪಿ1500 ಅಥವಾ ಪಿ2000ಕ್ಕೆ ತೆಳ್ಳಗಿನ ಸ್ಪಂಜಿನ ಪ್ಯಾಡ್, ಪಿ3000ಕ್ಕೆ ಮೆತ್ತಗಿನದ್ದು ಬಳಸುತ್ತೇವೆ.

ಗಾಳಿಯದ್ದಾ ಕರೆಂಟಿನದ್ದಾ? ಬಿ.ಸಿ.ರೋಡ್, ಮೂಡುಬಿದಿರೆ ಕಡೆಯ ಹೆಚ್ಚಿನ ಶೆಡ್ಡುಗಳಲ್ಲಿ ಕಂಪ್ರೆಸರ್ ಉಂಟು, ಗಾಳಿಯ ಸ್ಯಾಂಡರ್ ಹಗುರ ಕೂಡ. ಆದರೆ ಅದು ಸ್ಪ್ರೇ ಗನ್ನಿನ ಹಾಗೆ ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮ ಗಾಳಿ ಕೇಳುತ್ತದೆ. ಸಣ್ಣ ಕಂಪ್ರೆಸರಿನಲ್ಲಿ ಪ್ರೆಶರ್ ಇಳಿದು ಸ್ಪೀಡ್ ಹೆಚ್ಚು ಕಡಿಮೆ ಆಗುತ್ತದೆ. ಮೇಲಿಂದ ನಮ್ಮೂರ ಮಳೆಗಾಲ: ಟ್ಯಾಂಕಿನಲ್ಲಿ ನೀರು ಕೂತು ಗಾಳಿಯ ಜೊತೆ ಹೊರಗೆ ಬರುತ್ತದೆ, ಡ್ರೈ ಸ್ಯಾಂಡಿಂಗ್ ಹೋಗಿ ಕೆಸರಾಗುತ್ತದೆ. ದೊಡ್ಡ ಕಂಪ್ರೆಸರ್, ನೀರು ಹಿಡಿಯುವ ಫಿಲ್ಟರ್ ಇಲ್ಲದವರಿಗೆ ಕರೆಂಟಿನದ್ದೇ ಒಳ್ಳೆಯದು.

ವಾಟರ್ ಪೇಪರ್ ಇರುವಾಗ ಡ್ರೈ ಯಾಕೆ ಅಂತ ನಾವೂ ಕೇಳಿದ್ದೆವು. ನೀರಿದ್ದರೆ ಎಲ್ಲ ಹೊಳೆಯುತ್ತದೆ, ಎಲ್ಲಿ ಉಜ್ಜಿದೆ ಗೊತ್ತಾಗುವುದಿಲ್ಲ. ಒಣಗಿದ್ದರೆ ಉಜ್ಜಿದ ಕಡೆ ಮಬ್ಬು, ಗುಳಿ ಮಾತ್ರ ಹೊಳೆಯುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗೆ ಕಾಣುತ್ತದೆ. ಅದಕ್ಕೆ ಧೂಳು ಎಳೆಯುವ ವ್ಯಾಕ್ಯೂಮ್ ಜೋಡಿಸಲು ಬರುವ ಸ್ಯಾಂಡರ್ ಬೇಕು. ಇಲ್ಲದಿದ್ದರೆ ಪುಡಿ ಪೇಪರಿನಡಿ ಉಂಡೆಯಾಗಿ ಹಂದಿಬಾಲದ ಹಾಗೆ ಸುರುಳಿ ಗೀರು ಹಾಕುತ್ತದೆ. ಆ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು, ಕರ್ಚೀಫ್ ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಹಾಕಿ.

ಬಾನೆಟ್ ಪುನಃ ಬಂತು. ಕ್ಲಿಯರ್ ಪೂರ್ತಿ ಗಟ್ಟಿಯಾಗುವವರೆಗೆ ಕಾದೆವು, ಅಂಚಿಗೆಲ್ಲ ಟೇಪ್ ಹಾಕಿದೆವು. ಈ ಸಲ ಮಾವ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು.